ರೀಲು ಮುಗಿದ ಮೇಲಿನ ಫ್ಲಾಶ್

ಗುಬ್ಬಿ,

ಬೆಳಗಿನ ಮೊದಲ ಬಸ್ಸು ನನ್ನದೇ. ನೀನು ಏಳುವ ಹೊತ್ತಿಗೆ ಡಿಪೋದಲ್ಲಿರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ಮುಚ್ಚಳದ ಮೇಲಿನ ಕಲ್ಲು ತೆಗೆದರೆ ಮತ್ತೆ ಇಡು, ಬೆಕ್ಕಿಗೂ ನಿನ್ನಷ್ಟೇ ಹಟ.

ಊಟಕ್ಕೆ ಕೂತಾಗ ನಿನ್ನ ಮದುವೆಯ ಫೋಟೋ ತೆಗೆಯಲು ನೀನು ಮೆಚ್ಚಿದ ಫೋಟೋಗ್ರಾಫರ್ ಹುಡುಗಿಯ ವಿಷಯಕ್ಕೆ ರೇಗಿಬಿಟ್ಟೆ. ಅವಳು ತೆಗೆದ ಫೋಟೋಗಳನ್ನು ನೋಡಿ, "ಮದುಮಗಳು ಬಾಯಿಬಿಟ್ಟು ನಗೋದೂ ಒಂದು ಫೋಟೋನಾ?" ಅಂದೆ. ಆಮೇಲೆ ನಿದ್ದೆ ಬರಲಿಲ್ಲ. ನಮ್ಮ ಮದುವೆ ಆಲ್ಬಮ್ ಇಳಿಸಿ ನೋಡಿದೆ. ಮೇಜಿನ ಮೇಲಿದೆ, ನೀನೂ ನೋಡು. ಎಲ್ಲದರಲ್ಲೂ ನಿಮ್ಮಮ್ಮ ಯಾರೋ ಬೈದ ಹಾಗೆ ತಲೆ ತಗ್ಗಿಸಿದ್ದಾಳೆ.

ಅವತ್ತು ಅವಳು ಜೋರಾಗಿ ನಕ್ಕಿದ್ದು ಒಂದೇ ಸಲ, ಕುರ್ಚಿಯ ಕಾಲು ಮುರಿದು ನಾನು ಬಿದ್ದಾಗ. ಫ್ಲಾಶ್ ಹೊಳೆದಿದ್ದನ್ನು ನಾನೇ ನೋಡಿದ್ದೆ. ಆಲ್ಬಮ್ಮಿನಲ್ಲಿ ಆ ಫೋಟೋ ಇಲ್ಲ. ಕೇಳಿದ್ದಕ್ಕೆ ಫೋಟೋದವನು, "ರೀಲು ಆಗ್ಲೇ ಮುಗಿದಿತ್ತು ಸಾರ್. ನೆಂಟರಿಗೆ ಬೇಜಾರಾಗಬಾರ್ದು ಅಂತ ಬರೀ ಫ್ಲಾಶ್ ಹೊಡೀತಿದ್ದೆ" ಅಂದ.

ಇವತ್ತೇ ಆ ಹುಡುಗಿಗೆ ಫೋನ್ ಮಾಡಿ ಗೊತ್ತು ಮಾಡಿಬಿಡು. ನಿಮ್ಮಮ್ಮನ ಮೇಲೂ ಒಂದು ಕಣ್ಣಿಟ್ಟಿರಲು ಹೇಳು. ಬೇಕಾದರೆ ನಾನು ಇನ್ನೊಮ್ಮೆ ಕುರ್ಚಿಯಿಂದ ಬೀಳುತ್ತೇನೆ.

ಅಪ್ಪ