ಯಂತ್ರದ ಬಾಯಲ್ಲಿ ಅಳಿಯ

ಅಪ್ಪ,

“ಅಳಿಯನ ಮಾತನ್ನ ಯಂತ್ರದ ಬಾಯಲ್ಲಿ ಕೇಳಬೇಕಾ?” ಎಂದು ನೀವು ಕಣ್ಣು ಮುಚ್ಚುವವರೆಗೂ ನನ್ನ ಗಂಡನೆದುರು ಕೂರಲಿಲ್ಲ. ಇವತ್ತು ಅಮ್ಮ ಕೂತಳು.

ಇವರು ತಮ್ಮ ಭಾಷೆಯಲ್ಲಿ ಕೇಳಿದ್ದನ್ನು ಫೋನು ನಮ್ಮ ಭಾಷೆಯಲ್ಲಿ ಒದರಿತು: “ಅತ್ತೆ, ನಮ್ಮ ಮದುವೆಗೆ ಯಾಕೆ ಬರಲಿಲ್ಲ?”

“ನಿನ್ನ ಮಾವನಿಗೆ ಹೆದರಿ ಕಣಪ್ಪ,” ಎಂದಳು ಅಮ್ಮ.

ಫೋನು ಅದನ್ನೇನು ಮಾಡಿತೋ, ಇವರು ಕಕ್ಕಾಬಿಕ್ಕಿಯಾಗಿ ಕೇಳಿದರು: “ಮಾವಿನಹಣ್ಣಿಗೆ ಯಾಕೆ ಹೆದರಿದಿರಿ?”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಅಮ್ಮ ಅತ್ತಳು. ಇವರು ಎದ್ದು ನೀರು ತಂದುಕೊಟ್ಟರು.

ಯಂತ್ರ ತಪ್ಪು ಹೇಳುತ್ತದೆ ಎನ್ನುತ್ತಿದ್ದಿರಿ. ಹೇಳಲಿ ಬಿಡಿ! ನೀವೂ ನಾನೂ ಒಂದೇ ಭಾಷೆಯವರು, ಒಂದೇ ಬೀದಿಯವರು. ಎದುರಾದಾಗಲೆಲ್ಲ ಮುಖ ತಿರುಗಿಸಿ ನಡೆದೆವು. ನಮಗೆ ಯಾವ ಯಂತ್ರ ಅಡ್ಡ ಬಂದಿತ್ತು, ಹೇಳಿ ನೋಡೋಣ.

ನಿಮ್ಮ ಮಗಳು