ಕೋಳಿಯ ಬೆನ್ನಿಗೆ ಕಿವಿಯಿಟ್ಟು

೧೪ ನವೆಂಬರ್
ಗುರುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ನೂರು ಮುದ್ದುಗಳು. ನಾನು ಕ್ಷೇಮ. ನೀನು ಹೇಗಿದ್ದೀಯೆ ಎಂದು ಕೇಳಲು ನನಗೆ ಮುಖವಿಲ್ಲ. ನೀನು ಮಾತು ಬಿಟ್ಟು ಮೂರು ತಿಂಗಳಾಯಿತು. ಅಳಿಯಂದಿರು ನಾಲ್ಕು ಸಾಲಿನ ಕಾಗದ ಬರೆದು ಹದಿನೈದು ದಿನವಾಯಿತು. ಮೊದಲ ವಾರ ಸಿಟ್ಟಿನಲ್ಲಿ ಬರೆಯಲಿಲ್ಲ, ಎರಡನೇ ವಾರ ನಾಚಿಕೆಯಿಂದ ಕೈ ಓಡಲಿಲ್ಲ. ತಡವಾದದ್ದಕ್ಕೆ ಕ್ಷಮಿಸು. ನೀನು ಮತ್ತೆ ಒಂದು ಸಲ ನನ್ನನ್ನು ಅಮ್ಮಾ ಎನ್ನಬೇಕು, ನನಗೆ ಬೇಕಿರುವುದು ಅಷ್ಟೇ.

ಮೊದಲು ಕೋಳಿಗಳ ಸುದ್ದಿ ಹೇಳುತ್ತೇನೆ. ಈ ಹೊತ್ತಲ್ಲಿ ಇವಳಿಗೆ ಕೋಳಿ ಚಿಂತೆಯೇ ಎಂದು ಕಾಗದ ಮಡಚಿಡಬೇಡ ಕಣೇ. ಅದನ್ನು ಹೇಳದೆ ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ.

ಹಿತ್ತಲಿನ ಒಂಬತ್ತು ಕೋಳಿಗಳಲ್ಲಿ ಆರು ಸತ್ತವು. ನೀನು ಹೆಸರಿಟ್ಟ ಹೆಡ್‌ಮಿಸ್ಸೂ ಹೋದಳು. ತಪ್ಪು ನನ್ನದೇ. ಸಂತೆಯಿಂದ ಎರಡು ಹೊಸ ಹೇಂಟೆ ತಂದಿದ್ದೆ. ಒಂದು ತಿಂಗಳಾದರೂ ಬೇರೆ ಇಡಬೇಕಿತ್ತು. ಪಾಪ, ಒಂಟಿಯಾಗುತ್ತವೆ ಎಂದು ಅವತ್ತೇ ಗೂಡಿಗೆ ಬಿಟ್ಟೆ. ಸಾಲದ್ದಕ್ಕೆ, ಚಳಿಯೆಂದು ಗೂಡಿನ ಜಾಲರಿಗೆಲ್ಲ ಗೋಣಿಚೀಲ ಹೊದಿಸಿ ಗಾಳಿಯೇ ಆಡದ ಹಾಗೆ ಮಾಡಿದೆ. ಒಳಗೆ ಬಗ್ಗಿದರೆ ಹಿಕ್ಕೆಯ ಘಾಟಿಗೆ ನನ್ನ ಕಣ್ಣಲ್ಲೇ ನೀರು ಬರುತ್ತಿತ್ತು. ನನ್ನ ಬುದ್ಧಿಗೆ ಏನು ಹೇಳಲಿ.

ಪಕ್ಕದ ಮನೆಯ ಟೈಲರ್ ಕಾಂಪೌಂಡಿನ ಆಚೆಯಿಂದ ಏನೋ ಕೂಗಿದರು. ಮೂರನೇ ಸಲ ಕೈ ಬೀಸಿ ಕರೆದ ಮೇಲೆ ತಿರುಗಿದೆ. "ಅಕ್ಕಾ, ನಿಮ್ಮ ಕೋಳಿಗಳಿಗೆ ನೆಗಡಿಯಾ? ಒಂದು ವಾರದಿಂದ ಸೀನ್ತಾನೇ ಇವೆ. ನನ್ನ ಮೆಷಿನ್ ಸದ್ದಲ್ಲೂ ಕೇಳಿಸುತ್ತೆ."

"ನಿಮ್ಮ ಕತ್ತರಿ ನೀವು ನೋಡ್ಕೊಳ್ಳಿ, ನನ್ನ ಕೋಳಿ ನಾನು ನೋಡ್ಕೋತೀನಿ" ಎಂದು ರೇಗಿದೆ. ಆಮೇಲೆ ಗೂಡಿನ ಮುಂದೆ ಹೋಗಿ ನಿಂತೆ. ಒಂದೂ ಸೀನುತ್ತಿರಲಿಲ್ಲ. ಸುಮ್ಮನೆ ತಲೆ ಕೊಡವುತ್ತಿದ್ದವು. ನೊಣದ ಕಾಟ ಅಂದುಕೊಂಡೆ.

ನಾಲ್ಕು ದಿನಕ್ಕೆ ಹೆಡ್‌ಮಿಸ್ಸಿನ ಒಂದು ಕಣ್ಣು ಊದಿ ಮುಚ್ಚಿಕೊಂಡಿತು. ಮೂಗಿನ ತೂತಿನಲ್ಲಿ ನೊರೆ. ಬಾಯಿ ತೆರೆದು, ಕತ್ತು ಚಾಚಿ ಉಸಿರೆಳೆಯುತ್ತಿದ್ದಳು. ಆಗ ಓಡಿ ಪಶುವೈದ್ಯೆಯನ್ನು ಕರೆತಂದೆ. ನಿನ್ನ ವಯಸ್ಸಿನವಳು. "ಉಸಿರಾಡುವಾಗ ಗೊರಗೊರ ಅಂತ ಸದ್ದು ಬರೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮಾ?" ಎಂದು ಕೇಳಿದಳು.

"ಸದ್ದೇನೂ ಇಲ್ವಲ್ಲ ಡಾಕ್ಟರೇ."

ಅವಳು ನನ್ನ ಮುಖವನ್ನೇ ನೋಡಿದಳು. ಹೆಡ್‌ಮಿಸ್ಸನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಬೆನ್ನಿಗೆ ಕಿವಿ ಇಟ್ಟು ನೀವೇ ಕೇಳಿ. ಇಲ್ಲಿ ನಿಂತಿರೋ ನನಗೇ ಕೇಳಿಸ್ತಿದೆ" ಎಂದಳು.

ಕಿವಿಯಿಟ್ಟೆ. ಗರಿ ಬೆಚ್ಚಗಿತ್ತು. ಒಳಗೆ ಅನ್ನ ಕುದಿಯುವಾಗ ಮುಚ್ಚಳ ಅದುರುವ ಹಾಗೆ ಏನೋ ಅದುರುತ್ತಿತ್ತು, ಅದು ಕೆನ್ನೆಗೆ ತಾಗುತ್ತಿತ್ತು. ಸದ್ದು ಮಾತ್ರ ಇಲ್ಲ. ಇನ್ನೊಂದು ಕಿವಿಯಿಟ್ಟೆ. ಅಲ್ಲೂ ಇಲ್ಲ. "ಕೇಳಿಸ್ತಾ?" ಎಂದಳು. "ಹೂಂ, ಕೇಳಿಸ್ತು" ಎಂದು ಸುಳ್ಳು ಹೇಳಿದೆ.

ನೀರಿಗೆ ಬೆರೆಸಲು ಐದು ದಿನದ ಔಷಧಿ ಕೊಟ್ಟಳು. ಗೋಣಿ ಕಿತ್ತು ಹಾಕಿ, ಗೂಡು ಬಳಿದು ಒಣ ಹೊಟ್ಟು ಹರಡಿಸಿದಳು. "ಒಂದು ವಾರ ಮುಂಚೆ ಕರೆದಿದ್ರೆ ಇಷ್ಟು ಕೈ ಮೀರ್ತಿರಲಿಲ್ಲ. ಉಳಿಯೋವು ಚೇತರಿಸಿಕೊಂಡ್ರೂ ರೋಗ ಒಳಗೇ ಇರುತ್ತೆ, ಇನ್ನು ಹೊಸದನ್ನ ಸೇರಿಸ್ಬೇಡಿ" ಎಂದಳು. ಎರಡೇ ದಿನದಲ್ಲಿ ಆರು ಹೋದವು. ಟೈಲರ್ ಬಂದು ಗುಂಡಿ ತೋಡಿಕೊಟ್ಟರು. ನಾನು ಬೈದದ್ದನ್ನು ಅವರು ಎತ್ತಲೇ ಇಲ್ಲ. ಆರನ್ನೂ ಮುಚ್ಚಿ ಬಂದು ಬಚ್ಚಲಲ್ಲಿ ಕೂತು ಅತ್ತೆ ಕಣೇ. ಕೋಳಿಗಳಿಗೋಸ್ಕರ ಮಾತ್ರ ಅತ್ತದ್ದಲ್ಲ.

ಹೊತ್ತು ಹೊತ್ತಿಗೆ ಉಣ್ಣು. ಭಾರ ಎತ್ತಬೇಡ. ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ನಿಮ್ಮಿಬ್ಬರ ಸಂಕಟ ನನಗೆ ಬರಲಿ, ನನ್ನ ಪಾಲಿನ ಸುಖವೆಲ್ಲ ನಿಮಗೆ ಸೇರಲಿ.

ನಿನ್ನ
ಅಮ್ಮ

ತಾ.ಕ.: ಹೇಳಲೇಬೇಕಾದ್ದು ಇನ್ನೂ ಉಳಿದಿದೆ. ಮೂವತ್ತು ವರ್ಷ ಮಗ್ಗದ ಶೆಡ್ಡಿನ ಗದ್ದಲದಲ್ಲಿ ಎದುರಿಗಿದ್ದವರ ತುಟಿ ನೋಡಿಯೇ ಮಾತಾಡಿದವಳು ನಾನು. ಕಿವಿ ಯಾವಾಗ ಹೋಯಿತೋ ನನಗೇ ಸರಿಯಾಗಿ ತಿಳಿಯಲಿಲ್ಲ. ತಿಳಿದಷ್ಟನ್ನೂ ಮುಚ್ಚಿಟ್ಟೆ. ಫೋನಿಗೆ ತುಟಿಯಿಲ್ಲವಲ್ಲ, ನೀನು ಏನು ಹೇಳಿದರೂ ಅಂದಾಜಿನ ಮೇಲೆ ಹೂಂಗುಟ್ಟುತ್ತಿದ್ದೆ. ಅವತ್ತು ಆಸ್ಪತ್ರೆಯಿಂದ ನೀನು ಮಾತಾಡಿದಾಗ ನನಗೆ ಸಿಕ್ಕಿದ್ದು 'ಅಮ್ಮಾ', ಆಮೇಲೆ 'ಮಗು', ಇವೆರಡೇ. ಐದನೇ ತಿಂಗಳ ತಪಾಸಣೆಗೆ ಹೋದವಳು, ಮಗು ಚೆನ್ನಾಗಿದೆ ಅನ್ನುತ್ತಿದ್ದೀಯೆ ಅಂದುಕೊಂಡು "ಒಳ್ಳೇದಾಯ್ತು ಬಿಡು ಪುಟ್ಟಿ, ನನ್ನ ಮನಸ್ಸು ಹಗುರ ಆಯ್ತು" ಎಂದುಬಿಟ್ಟೆ. ಮಗು ಹೋಯಿತೆಂದು ನನಗೆ ತಿಳಿದದ್ದು ಅಳಿಯಂದಿರ ಕಾಗದದಿಂದ. ನೀನು ಆ ಸುದ್ದಿ ಹೇಳಿದಾಗ ನಾನು ಹಾಗೆ ಅಂದೆನೆಂದು ಅವರು ಬರೆದದ್ದನ್ನು ಓದಿ, ಇದೆಲ್ಲಿಯ ಸುಳ್ಳು ಎಂದು ಅವರ ಮೇಲೇ ಸಿಟ್ಟಾಗಿದ್ದೆ. ಕೋಳಿಯ ಬೆನ್ನಿಗೆ ಕಿವಿಯಿಟ್ಟ ದಿನ ಅದು ನಿಜವೆಂದು ಗೊತ್ತಾಯಿತು. ಅವರ ಕಾಗದ ಬರುವ ಮೊದಲೇ ನಿನಗೆ ಎರಡು ಕಾಗದ ಹಾಕಿದ್ದೆ, ಎರಡರಲ್ಲೂ ಮಗುವಿನ ಟೋಪಿಗೆ ಯಾವ ಬಣ್ಣದ ಉಣ್ಣೆ ತರಲಿ ಎಂದು ಕೇಳಿದ್ದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆ. ಬೈಯುವುದಿದ್ದರೆ ಎದುರಿಗೆ ಕೂತು, ನನಗೆ ಕಾಣುವ ಹಾಗೆ ಬೈ. ಅವತ್ತು ಫೋನಿನಲ್ಲಿ ನೀನು ಅತ್ತಿರುತ್ತೀಯೆ. ಅದೂ ನನಗೆ ಕೇಳಿಸಲಿಲ್ಲ.