ಗಾರೆ ಗಾಣ ಕೀಳುವ ಮುನ್ನ

ಬಡಾವಣೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಾವು ತಪ್ಪು ಮಾಡಿದಿರೆಂದು ದೂರಲು ನಾನು ಬರೆಯುತ್ತಿಲ್ಲ. ಆ ತಪ್ಪನ್ನು ಈಗ ತಿದ್ದಲು ಹೊರಟಿದ್ದೀರಲ್ಲ, ಅದರಿಂದ ನನ್ನ ಸಂಸಾರ ಮುಳುಗುತ್ತಿದೆ.

ಜಯನಗರದ ಬಡಾವಣೆಗೆಂದು ನನ್ನ ರಾಗಿ ಹೊಲ ಹೋದಾಗ ಉಳಿದದ್ದು ಒಂದು ಜೊತೆ ಎತ್ತು. ಉಳಲು ನೆಲವಿರಲಿಲ್ಲ. ಆ ಹೊಲವನ್ನೇ ಸೈಟು ಮಾಡಿ ಹಂಚಿದ ತಾವು, ಎರಡು ವರ್ಷದೊಳಗೆ ಮನೆ ಕಟ್ಟದವರ ಸೈಟು ವಾಪಸು ಎಂದು ಆಜ್ಞೆ ಹೊರಡಿಸಿದಿರಿ. ಸಿಮೆಂಟಿಗೆ ಪರ್ಮಿಟ್ ಬೇಕು, ಅದು ಮೂರು ವರ್ಷವಾದರೂ ಕೈಸೇರುವುದಿಲ್ಲ ಎಂಬುದು ಇಡೀ ಬೆಂಗಳೂರಿಗೆ ಗೊತ್ತಿತ್ತು. ತಮಗೊಬ್ಬರಿಗೆ ಗೊತ್ತಿರಲಿಲ್ಲವೇ?

ನನ್ನ ಹೊಲದಲ್ಲಿ ಸೈಟು ಸಿಕ್ಕಿದ್ದ ಮೇಷ್ಟ್ರು ಜಯದೇವಪ್ಪನವರು ಒಂದು ಬೆಳಿಗ್ಗೆ ಹುಡುಕಿಕೊಂಡು ಬಂದರು. "ಪರ್ಮಿಟ್ ಬರೋ ಹೊತ್ತಿಗೆ ಸೈಟೇ ಹೋಗಿರ್ತದೆ ಗಂಗಾಧರಯ್ಯ. ನಿಮ್ಮೆತ್ತು ಗಾರೆ ಅರೀತಾವಾ?" ಎಂದರು.

"ರಾಗಿ ಹೊಲ ಉತ್ತಿರೋ ಎತ್ತು ಸಾರ್. ಸುಣ್ಣ ಮರಳು ಅರೆಯಲ್ವಾ?" ಎಂದೆ.

ದುಂಡಗೆ ಕಾಲುವೆ ತೋಡಿ, ಕಲ್ಲಿನ ಚಕ್ರ ಕೂರಿಸಿ, ಗಾರೆ ಗಾಣಕ್ಕೆ ಎತ್ತು ಕಟ್ಟಿದೆ. ಹೆಂಡತಿ ಮುನಿವೆಂಕಟಮ್ಮ ನೀರು ಹೊತ್ತಳು. ಮೇಷ್ಟ್ರ ಮನೆ ಎದ್ದಿತು. ಅದನ್ನು ನೋಡಿ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಹೊಲ ಕಳೆದುಕೊಂಡ ಒಂಬತ್ತು ಮನೆಯವರು ನನ್ನ ಗಾಣದಲ್ಲಿ ಕೂಲಿ ಕಂಡರು. ನಮ್ಮನ್ನು ಬದುಕಿಸಬೇಕೆಂದು ತಾವು ಯಾವ ಯೋಜನೆಯನ್ನೂ ಹಾಕಲಿಲ್ಲ. ತಮ್ಮ ಅವಿವೇಕವೇ ಐದು ವರ್ಷ ನಮಗೆ ಅನ್ನವಿಕ್ಕಿತು. ತಮ್ಮ ಕಚೇರಿಯ ಕಾಂಪೌಂಡಿಗೂ ಗಾರೆ ಹೋದದ್ದು ನನ್ನ ಗಾಣದಿಂದಲೇ.

ಈಗ ಸಿಮೆಂಟು ಸಿಗುತ್ತಿದೆಯಂತೆ. ಗಾರೆ ಮನೆಗೆ ಕಟ್ಟಡ ಪೂರ್ತಿಯಾಯಿತೆಂಬ ಸರ್ಟಿಫಿಕೇಟ್ ಕೊಡುವುದಿಲ್ಲ, ಗಾಣವನ್ನು ಹದಿನೈದು ದಿನದಲ್ಲಿ ಕೀಳಬೇಕು ಎಂದು ನೋಟೀಸು ಬಂದಿದೆ. ಕೇಳಲು ಹೋದರೆ ತಮ್ಮ ಗುಮಾಸ್ತರು ತಲೆಯೆತ್ತದೆ, "ಗಾರೆ ಮನೆ ಮನೇನೇ ಅಲ್ಲ ಅಂತ ಸಾಹೇಬ್ರ ಆರ್ಡರು. ಹೋಗ್ರೀ" ಎಂದರು. ಸಂಸಾರ ಸಮೇತ ಅದೇ ಮನೆಯಲ್ಲಿರುವ ಮೇಷ್ಟ್ರು, ಸರ್ಟಿಫಿಕೇಟ್ ಸಿಗದೆ ಸೈಟೇ ಹೋದೀತೆಂಬ ಭಯಕ್ಕೆ, ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಮುನಿವೆಂಕಟಮ್ಮ ಮೊನ್ನೆ, "ಹೊಲ ಹೋದಾಗ ಎತ್ತು ಇದ್ವು. ಗಾಣ ಕಿತ್ತು ಎತ್ತೂ ಮಾರೋ ಹಾಗಾದ್ರೆ ಏನು ಮಾಡೋಣ, ಹೇಳು" ಎಂದಳು. ಅದನ್ನೇ ತಮ್ಮನ್ನು ಕೇಳುತ್ತಿದ್ದೇನೆ. ತಮ್ಮಲ್ಲಿ ಉತ್ತರವಿದೆಯೇ?

ಇನ್ನು ಉಳಿದಿರುವುದು ನಾಲ್ಕು ದಿನ. ತಾವೇ ಒಮ್ಮೆ ಬನ್ನಿ. ಹಾರೆ ನಾನೇ ಕೊಡುತ್ತೇನೆ. ನನ್ನ ಗಾರೆಯ ಯಾವ ಗೋಡೆಗಾದರೂ ತಮ್ಮ ಕೈಯಾರೆ ಹೊಡೆಯಿರಿ. ಉದುರಿದರೆ ಗಾಣವನ್ನು ನಾನೇ ಕೀಳುತ್ತೇನೆ. ನಿಂತರೆ, ಆ ಗೋಡೆಯ ಮುಂದೆಯೇ ನೋಟೀಸು ಹರಿಯಿರಿ.

ಇಂತಿ,
ತಮ್ಮ ತಪ್ಪಿನ ಋಣದಲ್ಲಿ ಈವರೆಗೆ ಉಂಡವನು,
ಗಂಗಾಧರಯ್ಯ